ಕಳಚಲು ಮರೆತವರ ಕೊರಳಲ್ಲಿ

ನಾನು ಒಂದು ಕಾಲರ್ ಮೈಕು. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಕರಿಯ ದೇಹ, ಬೆನ್ನಿಗೊಂದು ಕ್ಲಿಪ್ಪು, ತಲೆಗೆ ಬೂದುಬಣ್ಣದ ತುಪ್ಪಳದ ಟೋಪಿ. ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ, ಕೈಗವಸು ತೊಟ್ಟ ಒಬ್ಬಾಕೆ ನನ್ನ ಜಾಲರಿಯನ್ನು ಕೂರಿಸಿ ಮೆಲ್ಲಗೆ ಕೆಮ್ಮಿದಳು. ನಾನು ಕೇಳಿದ ಮೊದಲ ಶಬ್ದ ಅದು. ಅವಳ ಮುಖ ಕಾಣಲಿಲ್ಲ. ಆಮೇಲೂ ನಾನು ಯಾರ ಮುಖವನ್ನೂ ಪೂರ್ತಿಯಾಗಿ ಕಂಡಿಲ್ಲ. ಗಲ್ಲದ ಅಡಿಭಾಗ, ಗಂಟಲಮಣಿಯ ಏರಿಳಿತ, ಅಂಗಿಯ ಹಿಂದಿನ ಎದೆಬಡಿತ. ಮನುಷ್ಯರೆಂದರೆ ನನಗೆ ಇಷ್ಟೇ.

ಹುಬ್ಬಳ್ಳಿಗೆ ಬಂದ ಮೇಲೆ ಮೊದಲು ನನ್ನನ್ನು ಧರಿಸಿದವರು ಲೆಕ್ಕಶಾಸ್ತ್ರ ಕಲಿಸುತ್ತಿದ್ದ ಒಬ್ಬ ಮೇಷ್ಟರು. ಖಾಲಿ ಕೋಣೆಯಲ್ಲಿ ಕ್ಯಾಮೆರಾ ನೋಡುತ್ತ ಪಾಠ ಹೇಳುವರು. ನಡುವೆ ‘ತಿಳೀತಿಲ್ಲೋ’ ಎಂದು ಕೇಳಿ, ಉತ್ತರಕ್ಕಾಗಿ ತುಸು ಹೊತ್ತು ನಿಲ್ಲುವರು. ಆ ಮೌನವನ್ನೂ ನಾನು ಶ್ರದ್ಧೆಯಿಂದ ದಾಟಿಸಿದೆ. ಅವರು ಬೇರೆ ಊರಿಗೆ ಹೊರಟಾಗ ನನ್ನನ್ನು ಪ್ರಭುಲಿಂಗ ಅಣ್ಣಿಗೇರಿಯ ಕೈಗಿತ್ತರು.

ಪ್ರಭುಲಿಂಗನದು ‘ಅಂಗಡಿ ಬಾಗಿಲು’ ಎಂಬ ಪಾಡ್‌ಕಾಸ್ಟು. ಸುತ್ತಲಿನ ಊರುಗಳ ಸಣ್ಣ ಉದ್ಯಮಿಗಳನ್ನು ಎದುರು ಕೂರಿಸಿಕೊಂಡು ಅವರ ವ್ಯಾಪಾರದ ಕಥೆ ಕೇಳುವನು. ಹೇಳಬಾರದ್ದನ್ನು ಹೇಳಿಬಿಟ್ಟೆನೆಂದು ಯಾರಾದರೂ ಹಿಂಜರಿದರೆ, ಅವರೆದುರಿಗೇ ಆ ಮಾತನ್ನು ಕತ್ತರಿಸುವನು. ಆ ನಂಬಿಕೆಯೇ ಅವನ ಬಂಡವಾಳ. ತಿಂಗಳಿಗೊಮ್ಮೆ ತಂತ್ರಜ್ಞಾನದ ಮಂದಿಯನ್ನು ಕಲೆಹಾಕುವ ಕೂಟವೂ ಅವನದೇ. ಧಾರವಾಡ, ಗದಗ, ಹಾವೇರಿಗಳಿಂದ ಜನ ಬರುವರು. ವಿಸಿಟಿಂಗ್ ಕಾರ್ಡುಗಳು ಮದುವೆಮನೆಯ ತಾಂಬೂಲದಂತೆ ಕೈಯಿಂದ ಕೈಗೆ ಸರಿಯುವವು. ಕೊನೆಯಲ್ಲಿ ಎಲ್ಲರೂ ದುಂಡಗೆ ನಿಂತು ಒಂದು ಬೇಡಿಕೆ, ಒಂದು ಕೊಡುಗೆ ಹೇಳಬೇಕೆಂಬುದು ಕೂಟದ ಪದ್ಧತಿ.

ಒಂದು ಕೂಟಕ್ಕೆ ನೀಲಾಂಬಿಕೆ ಬಂದಳು. ಅವಳೂ ಜಾವೀದನೂ ಸೇರಿ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜುಗಳಿಗೆಂದು ಒಂದು ಯಂತ್ರ ಕಟ್ಟಿದ್ದರು; ಒಳಗೆ ತಂಪು ತಪ್ಪಿದರೆ ಅದು ಗಂಟೆ ಬಾರಿಸಿ ಎಚ್ಚರಿಸುತ್ತದೆ. ಹಾವೇರಿಯ ಒಂದು ಗೋದಾಮಿನಲ್ಲಿ ಅದನ್ನು ಆಗಲೇ ಕೂರಿಸಿದ್ದರು. ಬ್ಯಾಡಗಿಯ ಬಸವಂತಪ್ಪ ಸಾಹುಕಾರರು ಅದನ್ನು ಕೊಳ್ಳಲು ಅಂದೇ ಸಹಿ ಮಾಡುವವರಿದ್ದರು. ಊರೂರಿನ ರೈತರ ಕಾಯಿ ಅವರ ಗೋದಾಮಿನಲ್ಲಿತ್ತು. ಶೀತ ತಪ್ಪಿದರೆ ಕಾಯಿಯ ಬಣ್ಣ ಹೋಗುತ್ತದೆ, ಬಣ್ಣ ಹೋದ ಕಾಯಿಯನ್ನು ಯಾರೂ ಮೂಸುವುದಿಲ್ಲ. ನೀಲಾಂಬಿಕೆ ನನ್ನನ್ನು ಧರಿಸಿ ಸೊಗಸಾಗಿ ಮಾತಾಡಿದಳು. ಮುಗಿದ ಮೇಲೆ, ಈ ಕೂಟಗಳಲ್ಲಿ ಎಷ್ಟೋ ಜನ ಮಾಡುವಂತೆ, ನನ್ನನ್ನು ಕಳಚುವುದನ್ನು ಮರೆತು ಜಾವೀದನೊಡನೆ ಪಡಸಾಲೆಗೆ ನಡೆದಳು. ಒಳಗೆ ಪ್ರಭುಲಿಂಗನ ಕಿವಿಯಲ್ಲಿ ಹೆಡ್‌ಫೋನ್ ಹಾಗೇ ಇತ್ತು.

“ಹಾವೇರ್ಯಾಗ ಗಂಟಿ ಹೊಡೀಲಿಲ್ಲಂತ ಸಾವಕಾರ್ರ ಮುಂದ ಎತ್ತಬ್ಯಾಡ, ಜಾವೀದ.”

“ಸಹಿ ಆದಮ್ಯಾಲೆ ಹುಡುಕೂಣು ಅಂತೀಯೇನು, ಯಾಕ ಹೊಡೀಲಿಲ್ಲಂತ?”

“ಸಹಿ ಆಗದಿದ್ರ ಹುಡುಕಾಕ ಕಂಪನೀನ ಇರಂಗಿಲ್ಲೋ.”

ಅವಳ ಎದೆ ಬಡಿಯುವುದು ಮಾತಿಗಿಂತ ಮೊದಲೇ ನನಗೆ ತಿಳಿದಿತ್ತು. ಪ್ರಭುಲಿಂಗ ಧಾವಿಸಿ ಬಂದ.

“ನೀಲವ್ವಾ, ಮೈಕು ಚಾಲೂ ಇತ್ತು.”

ಅವಳ ಕೈ ನನ್ನನ್ನು ಮುಚ್ಚಿತು. ಆ ಕತ್ತಲಲ್ಲಿ ಅವಳ ದನಿ ಕೇಳಿತು. “ಅಳಿಸಿಬಿಡು, ಪ್ರಭಣ್ಣ.”

“ಅಳಸ್ತೀನಿ. ಕಿವಿಗೆ ಬಿದ್ದದ್ದನ್ನ ಹೆಂಗ ಅಳಸ್ಲಿ?”

ಕೊನೆಗೆ ಅವಳು ಮಾತು ಕೊಟ್ಟಳು: ದುಂಡಗೆ ನಿಂತಾಗ ತಾನೇ ಎಲ್ಲರೆದುರು ಹೇಳುವೆನೆಂದು. ಅವನು ನಂಬಿದ. ಅವಳ ಸರದಿ ಬಂತು. ತಿಳಿಯಾದ ದನಿಯಲ್ಲಿ ಹೇಳಿದಳು: ಬೇಡಿಕೆ, ಇನ್ನಷ್ಟು ಗೋದಾಮುಗಳು; ಕೊಡುಗೆ, ಸಾಹುಕಾರರಿಗೆ ನೆಮ್ಮದಿಯ ನಿದ್ದೆ. ಹಾವೇರಿಯ ಮಾತು ಎತ್ತಲೇ ಇಲ್ಲ. ಚಪ್ಪಾಳೆ ಬಿತ್ತು. ಸರದಿ ಸುತ್ತಿಕೊಂಡು ಪ್ರಭುಲಿಂಗನಲ್ಲಿಗೆ ಬರುವಷ್ಟರಲ್ಲಿ ಬಸವಂತಪ್ಪನವರು ಜೇಬಿನಿಂದ ಪೆನ್ನು ತೆಗೆದಿದ್ದರು.

“ಇವತ್ತ ನನ್ನ ಹಂತೇಕ ಕೊಡಾಕ ಏನೂ ಇಲ್ಲ,” ಎಂದ ಅವನು. “ಬೇಡೂದು ಒಂದೈತಿ. ಸಾವಕಾರ್ರ, ಇವತ್ತ ಸಹಿ ಮಾಡಬ್ಯಾಡ್ರಿ.”

ಯಾಕೆಂದು ಅವರು ಕೇಳಿದರು. ಅವನು ನೀಲಾಂಬಿಕೆಯ ಕಡೆ ತಿರುಗಿದ. ನಾನಿನ್ನೂ ಅವಳ ಕೊರಳಲ್ಲೇ ಇದ್ದೆ; ಕೊನೆಗೆ ಅವಳೇ ಹೇಳಿದಳು. “ಹಾವೇರ್ಯಾಗ ಗಂಟಿ ಹೊಡೀಲಿಲ್ಲರೀ. ಕಾವಲುಗಾರ ನೋಡಿದ್ದಕ್ಕ ಮಾಲು ಉಳೀತು. ಯಾಕ ಹೊಡೀಲಿಲ್ಲಂತ ನಮಗೂ ಗೊತ್ತಿಲ್ಲ.”

ಬೇಡಿಕೆ ಕೊಡುಗೆಗಳ ಆ ವೃತ್ತ ಸದ್ದಿಲ್ಲದೆ ಒಡೆಯಿತು. ನನ್ನನ್ನು ಪ್ರಭುಲಿಂಗನ ಅಂಗೈಯಲ್ಲಿಟ್ಟು ನೀಲಾಂಬಿಕೆ ಹೊರಟುಹೋದಳು. ಮೆಟ್ಟಿಲಿನ ಬಳಿ ಬಸವಂತಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟರು. ಕೃತಜ್ಞತೆಯ ಮಾತು ಬಂದೀತೆಂದು ನಾನು ಎಣಿಸಿದ್ದೆ.

“ನನ್ನ ಕಿವ್ಯಾಗ ಹೇಳಿದ್ರ ಸಾಕಿತ್ತಲ್ಲೋ ತಮ್ಮಾ. ಆ ಹುಡುಗೀನ ಮಂದಿ ನಡುವ ನಿಂದ್ರಿಸಿಬಿಟ್ಟಿ.”

ಅವಳು ಕೊಟ್ಟ ಮಾತನ್ನು ನಂಬಿ ಕಾದವನು ಅವನು. ಕಾದದ್ದರಿಂದಲೇ ಏಕಾಂತದಲ್ಲಿ ಹೇಳುವ ಹೊತ್ತು ಮೀರಿತ್ತು. ಇದನ್ನು ಅವರಿಗೆ ವಿವರಿಸಲು ಅವನು ಹೋಗಲಿಲ್ಲ.

ಸಹಿ ಆಗಲಿಲ್ಲ. ಸಾಹುಕಾರರ ಗೋದಾಮಿನ ಕಾಯಿಗೆ ಏನೂ ಆಗಲಿಲ್ಲ. ನೀಲಾಂಬಿಕೆಯ ಕಂಪನಿ ಮಾತ್ರ ಮುಂದಿನ ಸುಗ್ಗಿಯನ್ನು ಕಾಣಲಿಲ್ಲ. ಜಾವೀದ ಬೇರೆಡೆ ಕೆಲಸಕ್ಕೆ ಸೇರಿದನೆಂದು ಕೇಳಿದೆ. ಪ್ರಭುಲಿಂಗನ ಕರೆಗಳನ್ನು ಅವಳು ಎತ್ತಲಿಲ್ಲ. ನನ್ನಿಂದ ಮಾತು ಸೋರಿದ ಸಂಗತಿ ಹೇಗೋ ಹೊರಬಿದ್ದಿತ್ತು; ಪಾಡ್‌ಕಾಸ್ಟಿಗೆ ಅವನು ಕರೆದರೆ ಜನ ನಗುನಗುತ್ತಲೇ ನುಣುಚಿಕೊಂಡರು. ಪ್ರಭಣ್ಣನ ಮೈಕು ಊಟದ ಮನೆಯ ತನಕ ಬೆನ್ನು ಹತ್ತುತ್ತದೆಂದು ಅಣಕವಾಡಿದರು. ಕೂಟವನ್ನು ಬೇರೆಯವರು ವಹಿಸಿಕೊಂಡು ದೊಡ್ಡ ಹೋಟೆಲಿಗೆ ಒಯ್ದರು. ‘ಅಂಗಡಿ ಬಾಗಿಲು’ ತಾನಾಗಿ ಮುಚ್ಚಿತು.

ಈಚೆಗೆ ಮದುವೆಗಳ ವಿಡಿಯೊ ತೆಗೆಯುವ ಫಕ್ಕೀರೇಶ ನನ್ನನ್ನು ಕೊಳ್ಳಲೆಂದು ಬಂದ. ಹಳೆಯ ಗೆಳೆಯ. ನನ್ನನ್ನು ತಿರುಗಿಸಿ ನೋಡಿ, ದನಿ ಪರೀಕ್ಷಿಸಿ, ಒಪ್ಪಿದ. ಆಗ ಪ್ರಭುಲಿಂಗ, ಅವನು ಕೇಳದಿದ್ದರೂ, ಅವನ ಪಕ್ಕಕ್ಕೆ ಸರಿದು ತಗ್ಗಿದ ದನಿಯಲ್ಲಿ ಹೇಳಿದ: “ಬ್ಯಾಟರಿ ಸಾಯಾಕ ಬಂದೈತಿ. ತಾಳಿ ಕಟ್ಟೂ ಹೊತ್ತಿಗೇ ಕೈಕೊಟ್ಟೀತು. ನೋಡ್ಕೊಂಡು ತಗೋ.”

“ಮಾರಾವನ ಹಿಂಗಂದ್ರ ಕೊಳ್ಳಾವ ಯಾರೋ, ಪ್ರಭ್ಯಾ?” ಫಕ್ಕೀರೇಶ ನಕ್ಕು, ಚಹಾ ಕುಡಿದು, ಬರಿಗೈಲಿ ಹೋದ.

ಹೀಗಾಗಿ ಮೇಜಿನ ಡ್ರಾಯರಿನಲ್ಲಿ ಉಳಿದಿದ್ದೇನೆ. ನನ್ನ ಟೋಪಿಯ ತುಪ್ಪಳ ಉದುರುತ್ತಿದೆ. ಇಂಥದ್ದನ್ನು ಕೇಳು, ಇಂಥದ್ದನ್ನು ಬಿಡು ಎಂದು ನನ್ನನ್ನು ಮಾಡಿದವರು ಕಲಿಸಲಿಲ್ಲ; ಕೇಳಿದ ಮೇಲಿನ ಕಷ್ಟವನ್ನು ಮನುಷ್ಯರಿಗೆ ಬಿಟ್ಟರು. ಡ್ರಾಯರಿನ ಸಂದಿನಿಂದ ಪ್ರಭುಲಿಂಗ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುವುದು ಕೇಳಿಸುತ್ತದೆ. ಆ ಕಷ್ಟ ಇನ್ನೂ ಅವನಿಗೆ ಮುಗಿದಿಲ್ಲ.