ನಾಲ್ಕು ಅಂಕಿ

ಬೆಳಗ್ಗೆ ಆರಕ್ಕೆ ನನ್ನ ಗಂಡನನ್ನು ಎಡಮಗ್ಗುಲಿಗೆ ಹೊರಳಿಸಬೇಕು. ಎಂಟಕ್ಕೆ ಬಲಮಗ್ಗುಲಿಗೆ. ಎಂಟೂವರೆಗೆ ನಾನು ಮನೆ ಬಿಡುತ್ತೇನೆ. ಹತ್ತು, ಹನ್ನೆರಡು, ಎರಡು, ನಾಲ್ಕರ ಸರದಿ ಅತ್ತೆಯದು. ಅವರಿಗೆ ಎಪ್ಪತ್ತು ದಾಟಿದೆ. ಮೊಣಕಾಲನ್ನು ಮಂಚದ ಪಟ್ಟಿಗೆ ಒತ್ತಿಕೊಂಡು, ಹಾಸಿದ ಚಾದರವನ್ನೇ ಎಳೆದು ಮಗನನ್ನು ಹೊರಳಿಸುವುದನ್ನು ಕಲಿತಿದ್ದಾರೆ. ಹೊರಳಿಸದಿದ್ದರೆ ಹುಣ್ಣಾಗುತ್ತದೆ. ಸೊಂಟದ ಕೆಳಗೆ ಒಂದು ಆಗಲೇ ಆಗಿದೆ. ತೊಳೆಯುವಾಗ ಇವರಿಗೆ ನೋವಾಗುವುದಿಲ್ಲ. ತೊಳೆಯುವ ನನಗೂ ಈಚೆಗೆ ಏನೂ ಅನ್ನಿಸುವುದಿಲ್ಲ.

"ಕಾಲಿಗೆ ಸಿಗ್ನಲ್ ಬರ್ತಿಲ್ಲ ಕಣೇ, ಒಂದು ದೂರು ಬರ್ಕೋ" ಎನ್ನುತ್ತಿದ್ದರು ಮೊದಮೊದಲು. ನಾನೂ ನಗುತ್ತಿದ್ದೆ. ಈಗ ಇವರು ಹೇಳುವುದನ್ನು ಬಿಟ್ಟಿದ್ದಾರೆ.

ನಮ್ಮಿಬ್ಬರದೂ ಒಂದೇ ಕಂಪನಿ. ತಿಂಗಳಿಗಿಷ್ಟು ಎಂದು ಕಟ್ಟಿಸಿಕೊಂಡು ಮನೆಮನೆಗೆ ಟೀವಿ ಚಾನಲ್ಲು, ಇಂಟರ್ನೆಟ್ಟು ಕೊಡುವ ಕಂಪನಿ. ಇವರು ಹೊರಗೆ ತಂತಿ ಎಳೆಯುವ ಲೈನ್‌ಮನ್. ನಾನು ಒಳಗೆ, ಫೋನಿನಲ್ಲಿ ದೂರು ತೆಗೆದುಕೊಳ್ಳುವವಳು. ಉದ್ದನೆಯ ಕೋಣೆ, ಇಪ್ಪತ್ತೆರಡು ಮೇಜು, ಕಿಟಕಿಗೆ ದಪ್ಪ ಪರದೆ. ಹೊರಗೆ ಬಿಸಿಲೋ ಮೋಡವೋ ಗೊತ್ತಾಗುವುದು ಜನ ಬೈಯುವ ರೀತಿಯಿಂದಲೇ.

ದೂರು ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಸರಿಯಾಗಬೇಕು. ಇಂಥ ಕಂಪನಿಗಳ ಮೇಲೆ ಕಣ್ಣಿಡಲೆಂದು ಸರಕಾರ ಮಾಡಿದ ಪ್ರಾಧಿಕಾರವೊಂದಿದೆ, ನಿಯಮ ಅದರದು. ಒಳ್ಳೆಯ ನಿಯಮವೇ. ನೂರರಲ್ಲಿ ತೊಂಬತ್ತೈದು ದೂರು ಹೊತ್ತಿಗೆ ಮುಗಿಯದಿದ್ದರೆ ಕಂಪನಿಗೆ ದಂಡ. ಆದರೆ ಇಡೀ ಊರಿಗೆ ಇದ್ದವರು ಒಂಬತ್ತು ಲೈನ್‌ಮನ್‌ಗಳು. ಹತ್ತನೆಯವನನ್ನು ಕಂಪನಿ ಸೇರಿಸಿಕೊಳ್ಳಲಿಲ್ಲ. ಅದರ ಬದಲು ನಮಗೊಂದು ಉಪಾಯ ಕಲಿಸಿತು.

ದೂರು ಕೊಟ್ಟವರ ಫೋನಿಗೆ ನಾಲ್ಕು ಅಂಕಿ ಬರುತ್ತದೆ. ಕೆಲಸ ಮುಗಿದು, ತೃಪ್ತಿಯಾದ ಮೇಲೆ ಅದನ್ನು ಹೇಳಬೇಕು. ಆಗ ದೂರು ಮುಚ್ಚುತ್ತದೆ. ನಾವು ಮೊದಲೇ ಕೇಳುತ್ತಿದ್ದೆವು.

"ಅಮ್ಮಾ, ನಿಮ್ಮ ಫೋನಿಗೆ ನಾಲ್ಕು ಅಂಕಿ ಬಂದಿರತ್ತೆ ನೋಡಿ. ಹೇಳ್ಬಿಡಿ, ನಮ್ಮೋರು ಬೇಗ ಬರ್ತಾರೆ."

ಹೇಳುತ್ತಿದ್ದರು. ಕೆಲವರು ಸಿಡುಕಿ, ಕೆಲವರು "ಪಾಪ, ನಿನಗೂ ಮೇಲಿನೋರ ಕಾಟ" ಎಂದು. ನಾನು ಒತ್ತುತ್ತಿದ್ದೆ. ನನ್ನ ಪರದೆಯ ಮೇಲೆ ದೂರು ಹಸಿರಾಗುತ್ತಿತ್ತು. ಲೈನ್‌ಮನ್ ಬಿಡುವಾಗಿ ಹೋಗುವ ತನಕ ಅವರ ಮನೆಯ ಟೀವಿ ಕಪ್ಪಗೇ ಇರುತ್ತಿತ್ತು.

ಆ ದಿನ ಬೆಳಗ್ಗೆ ಹನ್ನೊಂದೂ ನಲವತ್ತಕ್ಕೆ ಒಬ್ಬ ಅಜ್ಜಿಯ ದೂರು ಮುಚ್ಚಿದೆ. ಮೂರನೇ ಮಹಡಿಯ ಮನೆ. ಲೈನ್‌ಮನ್ ಇವರೇ. ಇವರು ಬೇರೆ ಆರು ಮನೆ ಮುಗಿಸಿ ಅಲ್ಲಿಗೆ ತಲುಪಿದ್ದು ಮೂರು ಗಂಟೆಗೆ. ತಾರಸಿಯ ಅಂಚಿನಲ್ಲಿ ಬಗ್ಗಿ ತಂತಿ ಬಿಗಿಯುವಾಗ ಗಾಳಿ ಹೊಡೆಯಿತು. ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿ ಒಂಬತ್ತು ಜನಕ್ಕೆ ಎರಡೇ ಇದ್ದವು. ಇವರ ಹತ್ತಿರ ಇರಲಿಲ್ಲ.

ಆಸ್ಪತ್ರೆಯಲ್ಲಿದ್ದಾಗಲೇ ಕಂಪನಿಯ ಕಾಗದ ಬಂತು. "ಸದರಿ ದೂರು ಅದೇ ದಿನ 11.40ಕ್ಕೆ ಗ್ರಾಹಕರ ತೃಪ್ತಿಯೊಂದಿಗೆ ಇತ್ಯರ್ಥಗೊಂಡಿರುತ್ತದೆ. ಮಧ್ಯಾಹ್ನ 3 ಗಂಟೆಗೆ ಸದರಿ ವಿಳಾಸದಲ್ಲಿ ಕಂಪನಿಯ ಯಾವುದೇ ಕೆಲಸ ಇರಲಿಲ್ಲ. ಆದಕಾರಣ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ."

ಮೂರು ಸಲ ಓದಿದೆ. ನನ್ನ ಬೆರಳಿನ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತು!

"ಯಾರೇ ಮುಚ್ಚಿದ್ದು?" ಎಂದರು ಇವರು.

"ಯಾರೋ."

ನಮ್ಮ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಲೈನ್‌ಮನ್ ಬರುವ ಮೊದಲೇ ಅಂಕಿ ಕೇಳಿದ್ದು ಅದರಲ್ಲಿ ಇದ್ದೇ ಇರುತ್ತದೆ. ಇವರು ಬಿದ್ದ ಎಂಬತ್ತೊಂದನೇ ದಿನ ಧೈರ್ಯ ಮಾಡಿ ಮೇಲ್ವಿಚಾರಕನ ಮೇಜಿನ ಮುಂದೆ ನಿಂತೆ. ಅವನಿಗೆ ನಾವಿಟ್ಟ ಹೆಸರು ಗಡಿಯಾರ.

"ಸಾರ್, ಆ ಕರೆ ನನಗೆ ಬೇಕು."

"ತೊಂಬತ್ತು ದಿನ ಆದ್ಮೇಲೆ ತಾನಾಗೇ ಅಳಿಸಿಹೋಗತ್ತೆ. ಸುಮ್ನಿರು."

"ಇನ್ನೂ ಒಂಬತ್ತು ದಿನ ಇದೆ ಸಾರ್."

ಅವನು ಕುರ್ಚಿ ಎಳೆದು ಕೂರಿಸಿದ. "ನೋಡಮ್ಮಾ, ಅದರಲ್ಲಿರೋದು ಯಾರ ದನಿ? ನಿಂದೇ. ಕೆಲಸ ಆಗದೆ ಅಂಕಿ ಕೇಳಿದ್ದು ಯಾರು? ನೀನೇ. ಕೇಳಿ ಅಂತ ನಾನು ಎಲ್ಲಾದ್ರೂ ಬರೆದುಕೊಟ್ಟಿದೀನಾ? ಹೊರಗೆ ಬಂದ್ರೆ ಮೊದಲು ಹೋಗೋದು ನಿನ್ನ ಕೆಲಸ. ನಿಮ್ಮನೇಲಿ ಈಗ ದುಡಿಯೋದು ನೀನೊಬ್ಬಳೇ ಅಲ್ವಾ?"

ದನಿಯಲ್ಲಿ ಬೆದರಿಕೆ ಇರಲಿಲ್ಲ. ನಿಜವಾದ ಮರುಕವೇ ಇತ್ತು. ನಾನು ಎದ್ದು ಹೋಗಿ ಮುಂದಿನ ಕರೆ ತೆಗೆದುಕೊಂಡೆ.

ಕಾರ್ಮಿಕ ಇಲಾಖೆಗೂ ಹೋಗಿ ಬಂದೆ. "ದೂರು ಯಾವಾಗ ಮುಗೀತು, ಮುಗೀಲಿಲ್ಲ ಅನ್ನೋದು ನಮಗೆ ಬರಲ್ಲ. ಪ್ರಾಧಿಕಾರದೋರು ಹೇಳ್ಬೇಕು" ಎಂದರು.

ಎಂಬತ್ತಾರನೇ ದಿನ ಪ್ರಾಧಿಕಾರದವರು ತಪಾಸಣೆಗೆ ಬರುವವರಿದ್ದರು. ಅಂದು ಬೆಳಗ್ಗೆ ಆರಕ್ಕೆ ಇವರನ್ನು ಎಡಕ್ಕೆ ಹೊರಳಿಸಿದೆ. ಮುಖ ಗೋಡೆಯ ಕಡೆಗಿತ್ತು. ಮುಖ ಕಾಣದಿದ್ದುದರಿಂದ ಬಾಯಿ ಬಂತು.

"ಆ ದೂರು ಮುಚ್ಚಿದ್ದು ನಾನು."

"ಗೊತ್ತು."

"ಯಾವಾಗಿಂದ?"

"ಅವತ್ತಿಂದ. ನಿನ್ನ ಪಾಳಿ ನನಗೆ ಗೊತ್ತಿಲ್ವಾ? ನೀನಲ್ದಿದ್ರೆ ಪಕ್ಕದವಳು ಮುಚ್ತಿದ್ಲು." "ದಿಂಬು ಒಂಚೂರು ಕೆಳಗೆ ಎಳಿ."

ಎಳೆದೆ. ಅಳು ಬರಬೇಕಿತ್ತು. ಬರಲಿಲ್ಲ.

ತಪಾಸಣೆಗೆ ಬಂದವರು ಒಬ್ಬರೇ ಹೆಂಗಸು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಕೈಯಲ್ಲಿ ಒಂದು ಕಡತ. ಕೂತವರೇ ಚಪ್ಪಲಿಯಿಂದ ಪಾದ ಹೊರಗೆಳೆದು ಬೆರಳು ಚಾಚಿಕೊಂಡರು. "ನೀವು ಈ ವಾರ ನಾಲ್ಕನೇ ಕಂಪನಿ. ಇಡೀ ವಲಯಕ್ಕೆ ನಾವು ಇಬ್ಬರೇ ತಪಾಸಣೆಯೋರು. ಇನ್ನೊಬ್ಬರು ರಜೆ. ಹತ್ತು ಕರೆ ಕೇಳಿಸಿ, ಸಾಕು."

ಗಡಿಯಾರ ಹತ್ತು ಕರೆ ಆರಿಸಿಟ್ಟಿದ್ದ. ಹೊಸ ಅಂಗಿ ಹಾಕಿಕೊಂಡು ಓಡಾಡುತ್ತಿದ್ದ.

"ಇವತ್ತು ಹೊಸಾ ಬ್ಯಾಟರಿ ಅಕ್ಕ" ಎಂದು ಪಿಸುಗುಟ್ಟಿದಳು ಪಕ್ಕದ ಮೇಜಿನವಳು.

ಯಂತ್ರ ಚೆನ್ನಾಗಿ ಬಲ್ಲ ಹಳಬಳೆಂದು ಕರೆಗಳನ್ನು ಹಾಕುವ ಕೆಲಸ ನನಗೇ ಬಂತು. ಸ್ಪೀಕರಿನಲ್ಲಿ ಒಂದೊಂದಾಗಿ ಹಾಕಿದೆ. ಮೇಡಂ ಗುರುತು ಹಾಕುತ್ತ ಹೋದರು. ಬೇಗ ಎತ್ತಿದ್ದಾರೆ, ಸರಿ. ನಮಸ್ಕಾರ ಹೇಳಿದ್ದಾರೆ, ಸರಿ. ಕ್ಷಮೆ ಕೇಳಿದ್ದಾರೆ, ಸರಿ. ಹತ್ತೂ ಮುಗಿದವು. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ಇನ್ನೊಂದಿದೆ ಮೇಡಂ" ಎಂದೆ.

ದೂರಿನ ಸಂಖ್ಯೆ ಹುಡುಕಬೇಕಿರಲಿಲ್ಲ. ಬೆರಳಿಗೆ ಬಾಯಿಪಾಠವಾಗಿತ್ತು.

ಕೋಣೆಯ ತುಂಬ ನನ್ನ ದನಿ ಬಂತು. ಸಿಹಿಯಾಗಿತ್ತು.

"ಅಜ್ಜಿ, ಆ ನಾಲ್ಕು ಅಂಕಿ ಹೇಳ್ಬಿಡಿ."

"ಇನ್ನೂ ಯಾರೂ ಬಂದೇ ಇಲ್ವಲ್ಲಮ್ಮಾ."

"ಹೊರಟಿದಾರೆ ಅಜ್ಜಿ, ಬಂದೇಬಿಡ್ತಾರೆ. ನೀವು ಹೇಳಿ."

"ತಾಳು, ಕನ್ನಡಕ... ಏಳು. ಎರಡು. ಸೊನ್ನೆ. ಆಮೇಲೆ ಐದು."

"ಥ್ಯಾಂಕ್ಸ್ ಅಜ್ಜಿ."

"ಇಲ್ಲಿ ಗಾಳಿ ಜೋರಾಗಿದೆ ಕಣಮ್ಮಾ. ಬರೋರಿಗೆ ಹುಷಾರಾಗಿ ಹತ್ತಿ ಅಂತ ಒಂದು ಮಾತು ಹೇಳು."

"ಆಯ್ತಜ್ಜಿ."

ಆ ಕೊನೆಯ ಮಾತು ನನಗೆ ನೆನಪೇ ಇರಲಿಲ್ಲ. ಎಂಬತ್ತಾರು ದಿನ ಆ ಕರೆಯನ್ನು ಮನಸ್ಸಿನಲ್ಲಿ ತಿರುಗಿಸಿದ್ದೆ, ಅಂಕಿಯ ತನಕ ಮಾತ್ರ. ಹೇಳು ಎಂದಿದ್ದರು. ಆಯ್ತು ಎಂದಿದ್ದೆ. ಹೇಳಿರಲಿಲ್ಲ.

"ಇದು ಹನ್ನೊಂದೂ ನಲವತ್ತು ಮೇಡಂ" ಎಂದೆ. "ಬರಬೇಕಾದೋರು ನನ್ನ ಗಂಡ. ಮೂರು ಗಂಟೆಗೆ ಆ ಮನೆ ಮೇಲಿಂದ ಬಿದ್ರು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಅಲ್ಲಿ ಕೆಲಸವೇ ಇರ್ಲಿಲ್ಲ ಅಂತ ಕಂಪನಿ ಬರೆದುಕೊಟ್ಟಿದೆ."

"ಮೇಡಂ, ಇದು ಪಟ್ಟಿಯಲ್ಲಿಲ್ಲ. ಪಾಪ, ಮನೇಲಿ ತೊಂದರೆ, ಇವರಿಗೆ ತಲೆ ಸ್ವಲ್ಪ..." ಎಂದು ಗಡಿಯಾರ ಮುಂದೆ ಬಂದ.

ಮೇಡಂ ಕೈಯೆತ್ತಿ ಅವನನ್ನು ತಡೆದರು. ನನ್ನನ್ನು ನೋಡಿದರು.

"ನಾವು ನೋಡೋದು ಸೇವೆಯ ಗುಣಮಟ್ಟ ಅಮ್ಮಾ. ಅಪಘಾತ ಕಾರ್ಮಿಕ ಇಲಾಖೆಗೆ ಬರತ್ತೆ."

"ಹೋಗಿದ್ದೆ. ದೂರು ಮುಗಿದ ಹೊತ್ತು ನಿಮಗೆ ಬರತ್ತೆ ಅಂದ್ರು."

ಅವರು ಕಡತದ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. ಬೇಕಾದ ಕಾಲಂ ಸಿಗಲಿಲ್ಲವೆಂದು ಕಾಣುತ್ತದೆ. ಆಮೇಲೆ ಮೆಲ್ಲಗೆ, ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳುವ ಹಾಗೆ ಹೇಳಿದರು:

"ಒಂದೇ ಕರೆ ಇಟ್ಕೊಂಡು ನಾನು ಏನು ಬರೀಲಿ ಹೇಳಿ? ಒಬ್ಬ ಸಿಬ್ಬಂದಿ ನಿಯಮ ಮೀರಿದಾಳೆ ಅಂತ ಬರೀಬೇಕಾಗತ್ತೆ. ಕಂಪನಿ ಅದನ್ನ ಸಂತೋಷವಾಗಿ ಒಪ್ಕೊಳತ್ತೆ. ನಾಳೆ ನಿಮ್ಮ ಕೆಲಸ ಹೋಗತ್ತೆ. ಅಷ್ಟೇ."

"ಬರೀರಿ" ಎಂದೆ. ಇನ್ನೇನು ಹೇಳಲಿ? ಮಂಚದ ಮೇಲೆ ಮಲಗಿದ್ದ ಮನುಷ್ಯ ಅಂದು ಮೂರು ಗಂಟೆಗೆ ಕೆಲಸದ ಮೇಲಿದ್ದ ಎಂದು ಒಂದು ಕಡೆ ಬರೆದಿದ್ದರೆ ಸಾಕಾಗಿತ್ತು ನನಗೆ.

ಅವರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ನಂದೂ ಒಂದು ಹಾಕಕ್ಕ" ಎಂದಳು ಪಕ್ಕದ ಮೇಜಿನವಳು. ಕೂತಲ್ಲಿಂದಲೇ ಅಂದಳು, ತಲೆ ತಗ್ಗಿಸಿಕೊಂಡು. "ಏಳನೇ ಮೇಜು. ನಿನ್ನೆ ಬೆಳಗ್ಗೆದು ಯಾವುದಾದ್ರೂ ಹಾಕು. ಎಲ್ಲಾ ಅಂಥವೇ."

"ಏಯ್, ಬಾಯ್ಮುಚ್ಕೊಂಡು ಕೂತ್ಕೋ!" ಗಡಿಯಾರ ಕಿರುಚಿದ.

"ಮುಚ್ಚಿ ಮುಚ್ಚಿ ಸಾಕಾಗಿದೆ ಸಾರ್."

ಯಾರೋ ಕಿಸಕ್ಕೆಂದು ನಕ್ಕರು. ನಾನು ಹಾಕಿದೆ. ಅವಳ ದನಿ ಬಂತು: "ನಾಲ್ಕು ಅಂಕಿ ಹೇಳ್ಬಿಡಿ ಅಂಕಲ್." ಆಮೇಲೆ ಹಿಂದಿನ ಸಾಲಿನವಳದು. ಆಮೇಲೆ ಬಸುರಿಯೊಬ್ಬಳದು. ಎಲ್ಲರದೂ ಅದೇ ಸಿಹಿ, ಅದೇ ಮಾತು. ಐದನೆಯದರ ಹೊತ್ತಿಗೆ ಮೇಡಂ ಪೆನ್ನು ತೆರೆದಿದ್ದರು. ಏನು ಬರೆಯುತ್ತಿದ್ದಾರೆಂದು ನನಗೆ ಕಾಣುತ್ತಿರಲಿಲ್ಲ. ಮೇಲಿನವರು ಅದನ್ನು ಓದುತ್ತಾರೋ, ಕಡತದೊಳಗೇ ಕೊಳೆಯುತ್ತದೋ, ಅದೂ ಗೊತ್ತಿರಲಿಲ್ಲ. ಗಡಿಯಾರ ಮೂಲೆಗೆ ಹೋಗಿ ಮೇಲಿನವರಿಗೆ ಫೋನು ಮಾಡುತ್ತಿದ್ದ. ಆ ಕಡೆ ಯಾರೂ ಎತ್ತುತ್ತಿರಲಿಲ್ಲ.

"ಮುಂದಿನದು ಯಾರದು?" ಎಂದೆ.

ಗೋಡೆಯ ಕಡೆಯಿಂದ, ನಾಲ್ಕು ವರ್ಷದಲ್ಲಿ ನನ್ನ ಜೊತೆ ಒಂದು ಮಾತೂ ಆಡದಿದ್ದವಳೊಬ್ಬಳು ಎದ್ದು ನಿಂತು ತನ್ನ ಮೇಜಿನ ನಂಬರ್ ಹೇಳಿದಳು.