ಹಿಂದಿನ ಮೋಟಾರಿನ ಅಪ್ಪಾಸಾಹೇಬರು

ಅಪ್ಪಾಸಾಹೇಬರಿಗೆ ಮಿಥುನನ ಗಾಡಿ ಕಂಡರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಮೊಳದುದ್ದದ ಆ ರಿಮೋಟ್ ಕಾರಿನ ಮೋಟಾರು ಹಿಂದಿನ ಗಾಲಿಗಳಿಗಿಂತ ಮುಂದೆ, ಹೊಟ್ಟೆಯ ನಡುವೆ ಕೂತಿತ್ತು. ಥೂ! ಮೋಟಾರು ಇರಬೇಕಾದ್ದು ತಮ್ಮ ಗಾಡಿಯಲ್ಲಿದ್ದಂತೆ ಗಾಲಿಗಳ ಹಿಂದೆ, ಬಾಲದಲ್ಲಿ. ಆ ಭಾರ ಗಾಲಿಗಳನ್ನು ಒತ್ತಿ ಹಿಡಿದರೆ ತಾನೆ ಸಡಿಲ ಮಣ್ಣಿನಲ್ಲಿ ಗಾಡಿ ಕಾಲೂರುವುದು? ಕಾರ್ಖಾನೆಗಳ ಊರು ಭೋಸರಿಯಲ್ಲಿ ಬೇರಿಂಗ್ ಅಂಗಡಿ ಇಟ್ಟ ತಮಗೆ, ಮೊನ್ನೆ ಮೊನ್ನೆ ಬೆಂಗಳೂರಿಂದ ಬಂದು ಕಂಪ್ಯೂಟರ್ ಕುಟ್ಟುವ ಹುಡುಗ ಇದನ್ನು ಹೇಳಿಕೊಡಬೇಕೆ?

"ಇದು ಗಾಡಿ ಅಲ್ಲೋ ತಮ್ಮಾ, ಶೋಕೇಸಿನ ಗೊಂಬಿ," ಎಂದರು ರಿಮೋಟ್ ಕಾರು ಓಡಿಸುವ ಕ್ಲಬ್ಬಿನವರೆಲ್ಲರ ಎದುರು. "ನಮ್ಮ ಮಣ್ಣಿನ್ಯಾಗ ಬಿಟ್ಟರ ಸುಮ್ನ ಗಿರಗಿರ ತಿರಗತದ."

ಮಿಥುನ ನಕ್ಕ. "ಟ್ರ್ಯಾಕ್ ಗಟ್ಟಿ ಇದ್ರೆ ಇದೇ ಚೆನ್ನಾಗಿ ಟರ್ನ್ ಆಗತ್ತೆ ಸಾರ್. ಇಲ್ಲಿ ಬರೀ ಧೂಳು, ಅದಕ್ಕೆ ನಿಮ್ದು ಗೆಲ್ಲತ್ತೆ."

ಬರೀ ಧೂಳಂತೆ! ವರ್ಷಗಟ್ಟಲೆ ಗೆದ್ದದ್ದು ಧೂಳಿನ ಪುಣ್ಯದಿಂದಲೋ? ಕ್ಲಬ್ಬಿನಲ್ಲಿ ತಮಗಿದ್ದ ಮರ್ಯಾದೆಗೇ ಕೈ ಹಾಕಿದ್ದ ಪೋರ. ನೆಪ ಹೇಳಲು ಅವನಿಗೆ ಜಾಗವೇ ಇರಬಾರದು ಎಂದುಕೊಂಡರು.

ಕಾತ್ರಜದ ಆಚೆ ಕ್ಲಬ್ಬಿನ ಪಂದ್ಯ ನಡೆಯುವ ಮೈದಾನದಲ್ಲಿ, ಹಿಂದಿನ ಸಲ ಗೆದ್ದವರೇ ಟ್ರ್ಯಾಕ್ ತಯಾರು ಮಾಡುವ ಪದ್ಧತಿ. ಅಪ್ಪಾಸಾಹೇಬರು ಟ್ಯಾಂಕರ್ ತರಿಸಿದರು, ನೀರು ಹೊಡೆಸಿದರು, ರೋಲರ್ ಓಡಿಸಿದರು. ನೆಲ ಕಲ್ಲಿನಂತಾಯಿತು.

ಪಂದ್ಯದ ಮೈಕ್ ಹಿಡಿಯುವ ಮಗಳು ಸಪ್ನಾ ನೆಲವನ್ನು ಒದ್ದು ನೋಡಿ, "ಅಪ್ಪಾ, ಇದು ಅವರ ಗಾಡಿಗೇ ಅನುಕೂಲ ಆಗತದ," ಎಂದಳು.

"ಆಗಲಿ. ಗೊಂಬಿಗೆ ಹಾಸಗಿ ಹಾಸಿ ಕೊಟ್ಟೇನಿ. ಆದ್ರೂ ಗೆಲ್ಲಂಗಿಲ್ಲ, ನೋಡ್ತಿರು."

ನೋಡಿದ್ದಾಯಿತು. ಸೆಮಿಫೈನಲ್ಲಿನಲ್ಲಿ ತಿರುವು ಬಂದಾಗಲೆಲ್ಲ ಸಾಹೇಬರ ಗಾಡಿಯ ಹಗುರ ಮೂತಿ ಮಾತೇ ಕೇಳದೆ ಹೊರಗೆ ಎಳೆಯಿತು. ಮಿಥುನನದು ಒಳ ಅಂಚನ್ನೇ ಸವರಿಕೊಂಡು ಓಡಿ ಫೈನಲ್ ಸೇರಿತು. ಸಾಹೇಬರು ಹೊರಗುಳಿದರು.

ಆದರೆ ಯಾರೂ ಆಡಿಕೊಳ್ಳಲಿಲ್ಲ. "ಟ್ರ್ಯಾಕ್ ಭಾಳ ಝಕಾಸ್ ಮಾಡಿಸೀರಿ, ಸಾಹೇಬ್ರ. ಬರ್ರಿ, ಚಹಾ ಕುಡೀರಿ," ಎಂದು ಹಳೆಯ ಸದಸ್ಯ ಬಸವಲಿಂಗ ಪ್ರೀತಿಯಿಂದಲೇ ಕರೆದರು. ಆ ಪ್ರೀತಿಯೂ ಸಾಹೇಬರಿಗೆ ಮುಳ್ಳಿನಂತೆ ಚುಚ್ಚಿತು.

ಫೈನಲ್ ನಡೆಯುವಾಗ ಹೊರಗುಳಿದವರು ಟ್ರ್ಯಾಕಿನ ಬದಿಗೆ ನಿಂತು, ಮಗುಚಿದ ಗಾಡಿಯನ್ನು ತಕ್ಷಣ ನೆಟ್ಟಗೆ ಮಾಡಿ ಬಿಡಬೇಕು. ಅದು ಯಾರದೇ ಇರಲಿ. ಅಪ್ಪಾಸಾಹೇಬರು ಮುಖ ಗಂಟಿಕ್ಕಿಕೊಂಡು ಕೊನೆಯ ತಿರುವಿನಲ್ಲಿ ನಿಂತರು. ಎಲ್ಲರಿಗಿಂತ ಮುಂದಿದ್ದ ಮಿಥುನನ ಗಾಡಿ, ಗಟ್ಟಿ ನೆಲಕ್ಕೆ ಗಾಲಿ ಕಚ್ಚಿ, ಅವರ ಕಾಲ ಬುಡದಲ್ಲೇ ಪಲ್ಟಿ ಹೊಡೆಯಿತು.

ಎತ್ತಿಕೊಂಡರು. ಎತ್ತಿಕೊಂಡವರು ಬಿಡಲಿಲ್ಲ! ಗಾಲಿಗಳು ಗಾಳಿಯಲ್ಲೇ ಗರಗರ ತಿರುಗಿದವು. ಹಿಂದಿದ್ದ ಗಾಡಿಗಳು ಒಂದರ ಹಿಂದೊಂದು ದಾಟಿ ಹೋದವು. "ಗಾಡಿ ಸೋಡಾ, ಸಾಹೇಬ್!" ಗಾಡಿ ಬಿಡಿ ಎಂದು ಯಾರೋ ಮರಾಠಿಯಲ್ಲಿ ಅರಚಿದರು. ಕಟ್ಟಕಡೆಯ ಗಾಡಿಯೂ ದಾಟಿದ ಮೇಲೆ ದೊಡ್ಡ ಮನುಷ್ಯರು ಅದನ್ನು ಕೆಳಗಿಟ್ಟರು. ಹೊಟ್ಟೆ ತಣ್ಣಗಾಯಿತು.

ಪಂದ್ಯ ಮುಗಿದದ್ದೇ ಮಿಥುನ ಓಡಿ ಬಂದ. ಕೊನೆಯವನಾಗಿದ್ದ, ಆದರೂ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು.

"ಸಾರ್, ಕೈಗೆ ಏಟಾಯ್ತಾ? ಬೆರಳು ಗೇರಿಗೆ ಸಿಕ್ಕೊಂಡಿತ್ತಾ?"

ಸುತ್ತ ಎಲ್ಲರೂ ನೆರೆದಿದ್ದರು. ಅಪ್ಪಾಸಾಹೇಬರು ಬೆರಳು ಮಡಚಿಕೊಂಡು, ಹೌದೆನ್ನುವಂತೆ ತಲೆಯಾಡಿಸಿದರು. ಬಸವಲಿಂಗ ಐಸ್ ತರಲು ಹೊರಟೇಬಿಟ್ಟರು.

"ಐಸ್ ಬ್ಯಾಡ್ರಿ, ಕಾಕಾ," ಎಂದಳು ಸಪ್ನಾ. "ಕೈಗೆ ಏನೂ ಆಗಿಲ್ಲ. ನಮ್ಮಪ್ಪ ಬೇಕಂತನ ಹಿಡಕೊಂಡು ನಿಂತಿದ್ರು."