ರಹಿಮಾ ಬೀಯ ಗುಲಾಬಿಗೆ ಬೂದಿ ಹಿಡಿದದ್ದು

ಪ್ರದರ್ಶನಕ್ಕೆ ಇನ್ನು ಹನ್ನೊಂದೇ ದಿನ ಇದೆ ಎನ್ನುವಾಗ ರಹಿಮಾ ಬೀಯ ಗುಲಾಬಿಗೆ ಬೂದಿ ಹಿಡಿಯಿತು. ಬೆಳಿಗ್ಗೆ ಎದ್ದವಳೇ ಹಿಂದಿನ ಕೋಣೆಗೆ ಹೋಗಿ, ಪರದೆ ಸರಿಸಿ, ಏಳು ಮೊಗ್ಗುಗಳನ್ನು ಎಣಿಸಲು ಬಗ್ಗಿದರೆ ಎಲೆಗಳ ಮೇಲೆಲ್ಲ ಯಾರೋ ಅಕ್ಕಿಹಿಟ್ಟು ಉದುರಿಸಿದಂತೆ ಬೆಳ್ಳಗೆ ಕಂಡಿತು. ಬೆರಳಿನಿಂದ ಒರೆಸಿದಳು. ಒಂದು ಎಲೆಯಲ್ಲಿ ಹೋಯಿತು, ಪಕ್ಕದ ನಾಲ್ಕು ಎಲೆಗಳಲ್ಲಿ ಇತ್ತು. "ಯಾ ಅಲ್ಲಾ!" ಎಂದು ಅವಳು ಕಿರುಚಿದ ರಭಸಕ್ಕೆ ಮುಂದಿನ ಅಂಗಡಿಯಲ್ಲಿ ಮಷೀನು ತುಳಿಯುತ್ತಿದ್ದ ಗಂಡ ಅಜ್ಮತುಲ್ಲಾ ಅರ್ಧ ಹೊಲಿದ ಷರಟನ್ನು ಅಲ್ಲೇ ಬಿಟ್ಟು ಓಡಿಬಂದ.

ಇದು ಗುಬ್ಬಿ ಪೇಟೆಯಲ್ಲಿ, ಎಪ್ಪತ್ತೊಂಬತ್ತನೇ ಇಸವಿಯ ಜನವರಿಯಲ್ಲಿ ನಡೆದದ್ದು. ಆ ಗುಲಾಬಿಯೂ ಸಾಮಾನ್ಯದ್ದಲ್ಲ. ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ಮದುವೆಗೆ ಹೋದಾಗ, ಬೀಗರ ಕಾಂಪೌಂಡಿನಲ್ಲಿ ಕಂಡು, ಎಲ್ಲರೂ ಬಿರಿಯಾನಿಗೆ ಕೂತ ಸಮಯ ನೋಡಿ, ಒಂದು ಕಡ್ಡಿ ಮುರಿದು ಬುರ್ಖಾದೊಳಗೆ ಬಚ್ಚಿಟ್ಟುಕೊಂಡು ತಂದದ್ದು. ಇದನ್ನು ಕಳ್ಳತನ ಅನ್ನುವವರು ಜನ್ಮದಲ್ಲಿ ಒಂದು ಗಿಡ ಬೆಳೆಸಿದವರಲ್ಲ, ಅವರ ಮಾತು ಬಿಡಿ. ಕಾಡುಗುಲಾಬಿಯ ತೊಗಟೆ ಸೀಳಿ, ಈ ಕಡ್ಡಿಯ ಕಣ್ಣು ಕೂರಿಸಿ, ಬಾಳೆನಾರಿನಲ್ಲಿ ಕಟ್ಟಿ ಅವಳೇ ಕಸಿ ಮಾಡಿದ್ದಳು. ಎಸಳಿನ ಒಳಗೆ ಕೆಂಪು, ಹೊರಗೆ ಹಳದಿ. ಅಂಥದ್ದು ಗುಬ್ಬಿಯಲ್ಲಿ ಇನ್ನೊಂದಿರಲಿಲ್ಲ.

ಹೋದ ವರ್ಷವೇ ಅದನ್ನು ತುಮಕೂರಿನ ಫಲಪುಷ್ಪ ಪ್ರದರ್ಶನಕ್ಕೆ ಒಯ್ಯುತ್ತೇನೆಂದು ಬೀದಿಗೆಲ್ಲ ಸಾರಿದ್ದಳು. ಆಗ ಹೂ ಮಾರುವ ಹನುಮಕ್ಕ ಬಾಗಿಲಲ್ಲಿ ಬುಟ್ಟಿ ಇಳಿಸಿ, ಗಿಡದ ಮೇಲೆ ಕಣ್ಣು ಹಾಯಿಸಿ, "ತಟ್ಟೆ ಅಗಲ ಅರಳ್ತದೆ ಕಣ್ ಬೂಬಮ್ಮ ಇದು!" ಅಂದಳು. ಮೂರನೇ ದಿನಕ್ಕೆ ಮೊಗ್ಗೆಲ್ಲ ಕಪ್ಪಗಾಗಿ ಉದುರಿದವು. ಬರೀ ಎಲೆ ಇದ್ದ ಕುಂಡ ಹೊತ್ತು ಹೋದವಳನ್ನು ತುಮಕೂರಿನವರು ನೋಡಿ ನಕ್ಕರು. ವಾಪಸು ಬಂದ ರಹಿಮಾ ಬೀ, ಇದು ಹನುಮಕ್ಕನ ಕೆಟ್ಟ ಕಣ್ಣಿನ ಕೆಲಸವೆಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿಕೊಂಡು ಬಂದಳು. ಅಂದಿನಿಂದ ಹನುಮಕ್ಕ ಆ ಮನೆಯ ಮುಂದೆ ಹೋಗುವಾಗ ಮುಖ ಆಚೆ ತಿರುಗಿಸಿಕೊಂಡು, ಎದುರು ಸಾಲಿನಲ್ಲೇ ನಡೆಯುತ್ತಿದ್ದಳು.

ಈ ಸಲ ರಹಿಮಾ ಬೀ ಯಾರಿಗೂ ಅವಕಾಶ ಕೊಡಲಿಲ್ಲ. ಮೊಗ್ಗು ಮೂಡಿದ ದಿನವೇ ಕುಂಡವನ್ನು ಹಿಂದಿನ ಕೋಣೆಗೆ ಸಾಗಿಸಿ, ಕಿಟಕಿ ಮುಚ್ಚಿ, ದಪ್ಪ ಪರದೆ ಇಳಿಬಿಟ್ಟಳು. ನಜರ್ ತಾಗಬಾರದೆಂದು ದಿನಾ ಸಂಜೆ ಲೋಬಾನದ ಹೊಗೆ ಬೇರೆ. ಬೂದಿ ಕಂಡ ದಿನ ಹೊಗೆಯನ್ನು ಎರಡು ಪಾಲು ಮಾಡಿದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಾರನೇ ದಿನ ನೋಡಿದರೆ ಬಿಳುಪು ಮೇಲಿನ ರೆಂಬೆಗೂ ಹತ್ತಿ, ಒಂದು ಮೊಗ್ಗಿನ ಕತ್ತಿಗೆ ಬಂದು ಮುಟ್ಟಿತ್ತು.

"ಹನುಮಕ್ಕಂಗೆ ಗೊತ್ತಿರುತ್ತೆ, ಅವಳ ಅಣ್ಣ ಹೂವಿನ ತೋಟ ಮಾಡೋನು," ಎಂದು ಅಜ್ಮತುಲ್ಲಾ ಮನೆಯ ಉರ್ದುವಿನಲ್ಲಿ ಮೆಲ್ಲಗೆ ಹೇಳಿದ. ಪ್ರಾಣ ಹೋದರೂ ಅವಳ ಹತ್ತಿರ ಹೋಗುವುದಿಲ್ಲವೆಂದಳು ರಹಿಮಾ ಬೀ. ಹಾಗೆಂದು ಅರ್ಧ ಗಂಟೆಗೆ, ಎರಡು ಎಲೆ ಕಾಗದದಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ಓಡುವ ನಡಿಗೆಯಲ್ಲಿ ಹೊರಟಿದ್ದಳು.

ಅಲ್ಲಿ ತನ್ನ ಮಾಮೂಲು ಜಾಗದಲ್ಲಿ ಹೂ ಕಟ್ಟುತ್ತ ಕೂತಿದ್ದ ಹನುಮಕ್ಕ ತಲೆ ಎತ್ತಲಿಲ್ಲ.

"ಹೂ ಬೇಕಾ ಬೂಬಮ್ಮ?"

"ಹೂ ಬೇಡ. ಇದನ್ನ ಸ್ವಲ್ಪ ನೋಡು."

"ನಾನು ನೋಡ್ಬೌದಾ? ನನ್ ಕಣ್ಣು ಕೆಟ್ಟದ್ದು ಅಂತ ಊರ್ಗೆಲ್ಲ ಟಾಂ ಟಾಂ ಹೊಡೆದವಳು ನೀನೇ ಅಲ್ವಾ?"

ರಹಿಮಾ ಬೀಗೆ ಮುಖ ಕಾದುಹೋಯಿತು. "ಹೊಟ್ಟೆ ಉರೀತು, ಹೇಳ್ದೆ. ಈಗ ಗಿಡ ಸಾಯ್ತಾ ಇದೆ, ಬಂದಿದೀನಿ. ಬೈಯೋದಿದ್ರೆ ಬೇಗ ಬೈದುಬಿಡು, ಟೈಮಿಲ್ಲ."

ಹನುಮಕ್ಕ ನೂಲು ಪಕ್ಕಕ್ಕಿಟ್ಟು ಎಲೆ ಈಸಿಕೊಂಡಳು. ಹೆಬ್ಬೆರಳಲ್ಲಿ ಉಜ್ಜಿದಳು, ಹಿಂದೆ ಮುಂದೆ ತಿರುಗಿಸಿದಳು.

"ಬೂದಿ ರೋಗ ಕಣಮ್ಮ. ಅಮೃತೂರಲ್ಲಿ ನಮ್ಮಣ್ಣನ ತೋಟದಾಗೆ ಚಳಿ ಬಿತ್ತು ಅಂದ್ರೆ ಹಿಂಗೇಯ. ಗಿಡ ಎಲ್ಲಿ ಮಡಗಿದ್ದೀಯ?"

"ಹಿಂದ್ಗಡೆ ಕೋಣೇಲಿ."

"ಕಿಟಕಿ?"

"ಮುಚ್ಚಿದೀನಿ. ಪರದೇನೂ ಹಾಕಿದೀನಿ."

"ಯಾಕೆ?"

ಯಾಕೆಂದು ಇಬ್ಬರಿಗೂ ಗೊತ್ತಿತ್ತು. ರಹಿಮಾ ಬೀ ಎದುರಿಗೆ ನಿಂತ ಬಸ್ಸಿನ ಬೋರ್ಡು ಓದತೊಡಗಿದಳು. ಹನುಮಕ್ಕ ಮೊದಲು ನಕ್ಕಳು, ಆಮೇಲೆ ಅವಳಿಗೆ ಸಿಟ್ಟು ಬಂತು.

"ನಿನ್ ಗಿಡಕ್ಕೆ ನನ್ ಕಣ್ಣು ತಾಕಿಲ್ಲ, ನಿನ್ ಪರದೆ ತಾಕಿರೋದು! ಬಿಸ್ಲಿಲ್ಲ, ಗಾಳಿ ಇಲ್ಲ, ಮ್ಯಾಲೆ ಹೊಗೆ ಬ್ಯಾರೆ. ಮನ್ಸನೇ ಬದುಕಾಕಿಲ್ಲ. ನಡಿ, ಹೊರಗೆ ತಂದು ಜಗಲಿ ಮ್ಯಾಲೆ ಇಡು."

"ಜಗಲಿ ಮೇಲಾ? ಎಲ್ರೂ ನೋಡ್ತಾರೆ!"

"ನೋಡ್ಲಿ ಬುಡು. ಗಂಧಕ ತಗಂಡು ಬೆಳಿಗ್ಗೆ ಬರ್ತೀನಿ. ಆದ್ರೆ ಒಂದ್ ಮಾತು. ನಾನು ಬರೋದ್ರೊಳಗೆ ಒಂದೊಂದು ಮೊಗ್ಗಿಗೂ ತೆಳು ಬಟ್ಟೆ ಚೀಲ ಕಟ್ಟಿರ್ಬೇಕು. ಗಂಧಕ ಮೊಗ್ಗಿಗೆ ಬಿದ್ರೆ ಸುಟ್ಟೋಯ್ತದೆ."

ಅಜ್ಮತುಲ್ಲಾನ ಸಂಭ್ರಮ ಹೇಳತೀರದು. ಊರಿನವರ ಷರಟುಗಳನ್ನೆಲ್ಲ ಬದಿಗಿಟ್ಟು, ಮಲ್‌ಮಲ್ ತುಂಡುಗಳಿಂದ ಏಳು ಪುಟ್ಟ ಚೀಲ ಹೊಲಿದ, ಒಂದೊಂದಕ್ಕೂ ಲಾಡಿ ಬೇರೆ. ಮದುವೆ ಷೇರವಾನಿಗೂ ಅವನು ಅಷ್ಟು ಮನಸ್ಸಿಟ್ಟವನಲ್ಲ ಎಂದು ಹೆಂಡತಿ ಗೊಣಗಿದಳು.

ಮರುದಿನ ಹೊತ್ತು ಹುಟ್ಟುವ ಮೊದಲೇ ಜಗಲಿಯ ಮೇಲೆ ಕೆಲಸ ಶುರುವಾಯಿತು. ತೀರಾ ಬೆಳ್ಳಗಾದ ಎಲೆಗಳನ್ನು ಹನುಮಕ್ಕ ನಿರ್ದಯವಾಗಿ ಕಿತ್ತಳು; ಒಂದೊಂದಕ್ಕೂ ರಹಿಮಾ ಬೀ "ಅಯ್ಯೋ" ಅಂದಳು. ಕಿತ್ತದ್ದೆಲ್ಲ ಒಲೆಗೆ ಹೋಯಿತು. ಉಳಿದ ಎಲೆಗಳ ಎರಡೂ ಮುಖ ಒದ್ದೆ ಬಟ್ಟೆಯಲ್ಲಿ ಒರೆಸಿ, ಶೋಧಿಸಿದ ಮಜ್ಜಿಗೆಗೆ ಹತ್ತು ಪಾಲು ನೀರು ಬೆರೆಸಿಟ್ಟರು. ಚಿಮುಕಿಸಲು ಪಂಪಿಲ್ಲವಲ್ಲ ಎಂದು ಇಬ್ಬರೂ ಮುಖ ಮುಖ ನೋಡಿಕೊಳ್ಳುವಾಗ ಅಜ್ಮತುಲ್ಲಾ ಮುಂದೆ ಬಂದ. ಇಸ್ತ್ರಿ ಮಾಡುವಾಗ ಬಾಯಿ ತುಂಬ ನೀರು ತುಂಬಿಕೊಂಡು ಬಟ್ಟೆಯ ಮೇಲೆ ಊದುವುದು ಅವನಿಗೆ ಮೂವತ್ತು ವರ್ಷದ ಅಭ್ಯಾಸ. ಮಜ್ಜಿಗೆ ತುಂಬಿಕೊಂಡು "ಫೂ" ಎಂದು ಊದಿದರೆ ಒಂದು ಹನಿಯೂ ದಪ್ಪಗಾಗದೆ ಎಲೆಯೆಲೆಗೂ ಮಂಜಿನಂತೆ ಕೂತಿತು! "ಭೇಷ್ ಸಾಬ್ರೇ!" ಎಂದು ಹನುಮಕ್ಕ ಚಪ್ಪಾಳೆ ತಟ್ಟಿದಳು.

ಮೂರನೇ ದಿನದ ಹೊತ್ತಿಗೆ ಸಾಬರ ಫೂ ನೋಡಲು ಬೀದಿಯೇ ನೆರೆಯತೊಡಗಿತು. ಎದುರು ಮನೆಯ ಓಬಳಮ್ಮ ಹಲ್ಲುಜ್ಜುತ್ತಲೇ ಬಂದು ನಿಲ್ಲುತ್ತಿದ್ದಳು. ಯಾರು ಕಣ್ಣು ಹಾಕಿದರೂ ರಹಿಮಾ ಬೀ ಕುಂಡಕ್ಕೆ ಅಡ್ಡ ಬಂದು ನಿಲ್ಲುತ್ತಿದ್ದಳು. ಆದರೂ ಕುಂಡ ಒಳಗೆ ಹೋಗಲಿಲ್ಲ. ನಾಲ್ಕನೇ ದಿನ, ಬಿಸಿಲೇರಿದ ಮೇಲೆ ಹಾಕಿದರೆ ಎಲೆ ಸುಡುತ್ತದೆಂದು, ನಸುಕಿನಲ್ಲೇ ಗಂಧಕದ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹನುಮಕ್ಕ ಮೆಲ್ಲಗೆ ತಟ್ಟಿದಳು. ಐದು, ಆರು, ಏಳು. ಹೊಸ ಬೂದಿ ಕಾಣಲಿಲ್ಲ. ಎಂಟನೇ ದಿನ ಕೆಂಪು ಚಿಗುರೊಂದು ಇಣುಕಿತು. ಅದರ ಮೇಲೆ ಒಂದು ಚುಕ್ಕೆ ಬಿಳುಪಿರಲಿಲ್ಲ! ರಹಿಮಾ ಬೀ ಹನುಮಕ್ಕನ ಎರಡೂ ಕೈ ಹಿಡಿದು ಜಗಲಿಯ ಮೇಲೇ ಕುಣಿದುಬಿಟ್ಟಳು, ವಯಸ್ಸು ನಲವತ್ತೆರಡು ಎಂಬುದನ್ನೂ ಮರೆತು.

ಪ್ರದರ್ಶನದ ಬೆಳಿಗ್ಗೆ ಮೊದಲ ಬಸ್ಸಿಗೆ ಮೂವರೂ ಹತ್ತಿದರು. ಅಲ್ಲಿ ಹೂವಿನ ವ್ಯಾಪಾರ ಆಗುತ್ತದೆ ಎಂದು ಹನುಮಕ್ಕನೂ ಬುಟ್ಟಿ ತಂದಿದ್ದಳು. ಅವಳು ಮುಂದಿನ ಸೀಟಿನಲ್ಲಿ ಕೂತು ತುಮಕೂರು ಬರುವವರೆಗೂ ಹಿಂದೆ ತಿರುಗಲಿಲ್ಲ. ರಹಿಮಾ ಬೀ ಅದನ್ನು ಗಮನಿಸಲಿಲ್ಲ, ಅವಳಿಗೆ ತೊಡೆಯ ಮೇಲಿನ ಕುಂಡದ ಹೊರತು ಬೇರೇನೂ ಬೇಕಿರಲಿಲ್ಲ.

ಶಾಮಿಯಾನದಲ್ಲಿ ಜಾಗ ತೋರಿಸಿದ ಮೇಲೆ ಒಂದೊಂದೇ ಲಾಡಿ ಎಳೆದಳು. ಏಳರಲ್ಲಿ ಐದು ಅರಳಿದ್ದವು. ಒಳಗೆ ಕೆಂಪು, ಹೊರಗೆ ಹಳದಿ. ಅಕ್ಕಪಕ್ಕದ ಕುಂಡಗಳವರು ತಮ್ಮದನ್ನು ಬಿಟ್ಟು ಇತ್ತ ಬಂದರು. ತೋಟಗಾರಿಕೆ ಇಲಾಖೆಯ ಹೆಂಗಸೊಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಹಳೆಯ ಎಲೆಗಳ ಮೇಲೆ ಉಳಿದಿದ್ದ ಕಲೆ ನೋಡಿ, ಬೂದಿ ರೋಗ ಇಷ್ಟು ಚೆನ್ನಾಗಿ ಹೇಗೆ ಹತೋಟಿಗೆ ತಂದಿರಿ ಎಂದು ಕೇಳಿದರು. ರಹಿಮಾ ಬೀ ಉಸಿರು ಬಿಡದೆ ಎಲ್ಲ ಹೇಳಿದಳು.

"ಎಲ್ಲಾ ಸರಿ. ಮೊಗ್ಗಿಗೆ ಚೀಲ ಯಾಕಮ್ಮ ಕಟ್ಟಿದ್ರಿ?"

"ಗಂಧಕ ಬಿದ್ರೆ ಸುಟ್ಟುಹೋಗುತ್ತಲ್ಲ ಮೇಡಂ."

"ನಸುಕಲ್ಲಿ ಇಷ್ಟು ತೆಳುವಾಗಿ ಹಾಕಿದ್ರೆ ಮೊಗ್ಗಿಗೆ ಏನೂ ಆಗಲ್ಲ. ನಿಮಗೆ ಹೇಳಿಕೊಟ್ಟವರಿಗೆ ಅದು ಗೊತ್ತೇ ಇರುತ್ತೆ," ಎಂದು ಅವರು ಮುಂದೆ ಹೋದರು.

ರಹಿಮಾ ಬೀ ಕೈಯಲ್ಲಿ ಏಳು ಚೀಲ ಹಿಡಿದು ನಿಂತುಬಿಟ್ಟಳು. ಒಂಬತ್ತು ದಿನ ಮನೆಗೆ ಬಂದ ಹನುಮಕ್ಕ ಒಂದು ಮೊಗ್ಗನ್ನೂ ಕಂಡಿರಲಿಲ್ಲ. ಬಸ್ಸಿನಲ್ಲೂ ತಿರುಗಿರಲಿಲ್ಲ. ಎಲ್ಲ ಒಂದೇ ಏಟಿಗೆ ತಿಳಿದು ಅವಳಿಗೆ ನಾಚಿಕೆಯಿಂದ ಕಣ್ಣು ತುಂಬಿತು. "ಎಲ್ಲಿ ಹೋಗ್ತೀಯಾ? ಜಡ್ಜುಗಳು ಬರ್ತಿದಾರೆ!" ಎಂದು ಅಜ್ಮತುಲ್ಲಾ ಕೂಗುತ್ತಿದ್ದಂತೆಯೇ ಗೇಟಿಗೆ ಓಡಿದಳು.

ಗೇಟಿನ ಪಕ್ಕ ಬುಟ್ಟಿ ಇಟ್ಟುಕೊಂಡು ಹನುಮಕ್ಕ ಶಾಮಿಯಾನಕ್ಕೆ ಬೆನ್ನು ಹಾಕಿ ಕೂತಿದ್ದಳು.

"ಏಳು. ಒಳಗೆ ಬಾ."

"ಬ್ಯಾಡ ಕಣ್ ಬೂಬಮ್ಮ. ಅವ್ರು ನೋಡ್ಕಂಡು ಬಹುಮಾನ ಬರೀಲಿ, ಆಮ್ಯಾಕೆ ಬರ್ತೀನಿ. ಇನ್ನೊಂದ್ ಗಂಟೆ ತಾನೆ? ನೋಡ್ದೆ ವರ್ಸಾನೇ ಕಳೀತು."

ರಹಿಮಾ ಬೀ ಕೇಳಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ, ಬುಟ್ಟಿ ಸಮೇತ ದರದರ ಎಳೆದುಕೊಂಡು ಬಂದಳು. ಎರಡನೇ ಬಹುಮಾನ ಬಂದದ್ದು ಸಂಜೆಗೆ. ಈಗಿನ್ನೂ ಅದು ಯಾರಿಗೂ ಗೊತ್ತಿರಲಿಲ್ಲ. ಜಡ್ಜುಗಳು ಆಗಲೇ ಮೂರು ಕುಂಡದಷ್ಟು ಹತ್ತಿರ ಬಂದಿದ್ದರು. ಹನುಮಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ರಹಿಮಾ ಬೀ ಆ ಸೆರಗನ್ನು ಎಳೆದು ಕೆಳಗಿಳಿಸಿದಳು.

"ಅವ್ರು ಆಮೇಲೆ ನೋಡ್ಲಿ. ಮೊದ್ಲು ನೀನು ನೋಡು."

ಹನುಮಕ್ಕ ಕಣ್ಣು ಬಿಟ್ಟಳು. ಬಾಯಿಂದ ಏನೋ ಬರಲಿತ್ತು. ತಟ್ಟನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ರಹಿಮಾ ಬೀ ಆ ಕೈಯನ್ನೂ ಹಿಡಿದು ಇಳಿಸಿದಳು.

"ಹೇಳು ಹನುಮಕ್ಕ. ಜೋರಾಗಿ ಹೇಳು, ಎಲ್ರಿಗೂ ಕೇಳ್ಲಿ."